ಅನುಭವಸ್ಥ ಯುವಕರ ಪಂದ್ಯಾವಳಿ

ದಹಿಸರ್ ಪೂರ್ವದ ಬಯಲುನಾಡು ಕನ್ನಡ ಸಂಘವು ಪ್ರತಿವರ್ಷ ನಡೆಸುವ ಅಂತರರಾಷ್ಟ್ರೀಯ ಯುವ ಫುಟ್‌ಬಾಲ್ ಪಂದ್ಯಾವಳಿಯ ನಿಯಮಾವಳಿಯ ಪ್ರಕಾರ, ಯುವಕ ಎಂದರೆ ಐವತ್ತೇಳು ವರ್ಷ ಮೀರದ ವ್ಯಕ್ತಿ. ಹೋದ ವರ್ಷ ಈ ಮಿತಿ ಐವತ್ತಾರಿತ್ತು. ಮುಂದಿನ ವರ್ಷ ಐವತ್ತೆಂಟಾಗಲಿದೆ. ಇದರ ಬಗ್ಗೆ ಸಂಘದಲ್ಲಿ ಯಾರಿಗೂ ಗೊಂದಲವಿಲ್ಲ.

ನಿಯಮಾವಳಿ ಬರೆದವನು ಗೌರವ ಕಾರ್ಯದರ್ಶಿ ಕಾಶಿನಾಥ. ಹಗಲು ಗ್ರಾಂಟ್ ರೋಡಿನ ಲಾಡ್ಜೊಂದರ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಚೆಕ್‌ಔಟ್ ಸಮಯ ನೆನಪಿಸುವುದು ಅವನ ಹೊಟ್ಟೆಪಾಡು. ಸಂಜೆ ಲೋಕಲ್ ರೈಲು ಹಿಡಿದು ದಹಿಸರಿಗೆ ಬಂದು 'ತಕ್ಕದ್ದು' ಎಂದು ಮುಗಿಯುವ ವಾಕ್ಯಗಳನ್ನು ಬರೆಯುವುದು ಅವನ ಸುಖ. ಆ ಸುಖಕ್ಕೆ ಅವನು ಯಾರಿಂದಲೂ ಚಹಾ ಕೂಡ ಕುಡಿದವನಲ್ಲ.

ಪಂದ್ಯಾವಳಿ ಹುಟ್ಟಿದ್ದೂ ಅವನ ಲೇಖನಿಯಿಂದಲೇ. ದಹಿಸರಿನಲ್ಲಿ ಕೆಸರುನೆಲಕ್ಕೆ ಮಣ್ಣು ತುಂಬಿ ಜಾಗ ಮಾಡುತ್ತಿದ್ದ ಕಾಲ. ಖಾಲಿ ಮೈದಾನವೊಂದಕ್ಕೆ ಹತ್ತಾರು ಸಂಘಗಳು ಅರ್ಜಿ ಹಾಕಿದ್ದವು. ಅಕ್ಷರ ದುಂಡಗಿದ್ದ ಕಾರಣಕ್ಕೆ ಹತ್ತೊಂಬತ್ತರ ಹುಡುಗ ಕಾಶಿನಾಥನಿಗೆ ಅರ್ಜಿ ಬರೆಯುವ ಕೆಲಸ ಬಂತು. 'ಯುವ ಫುಟ್‌ಬಾಲ್ ಪಂದ್ಯಾವಳಿಗಾಗಿ' ಎಂದು ಬರೆದ. ಯಾಕೋ ಸಪ್ಪೆ ಅನ್ನಿಸಿತು. ಮುಂದೆ 'ಅಂತರರಾಷ್ಟ್ರೀಯ' ಎಂದು ಸೇರಿಸಿದ. ಮೈದಾನ ಸಿಕ್ಕಿತು. ಜೊತೆಗೆ ಸರ್ಕಾರದ ಒಂದು ಷರತ್ತೂ ಬಂತು: ಸದರಿ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ಪ್ರತಿವರ್ಷ ನಡೆಸತಕ್ಕದ್ದು, ತಪ್ಪಿದಲ್ಲಿ ಜಾಗ ವಾಪಸ್.

ಹೀಗಾಗಿ ವರ್ಷಕ್ಕೊಂದು ದಿನ ಅಲ್ಲಿ ಫುಟ್‌ಬಾಲ್ ನಡೆಯುತ್ತದೆ. ಉಳಿದ ದಿನ ಮದುವೆಗಳು ನಡೆಯುತ್ತವೆ. ಗೋಲಿನ ಕಂಬಗಳೇ ಮಂಟಪದ ಕಂಬಗಳಾದ್ದರಿಂದ ಖರ್ಚೂ ಕಡಿಮೆ.

ವಿದೇಶಿ ತಂಡವೆಲ್ಲಿಂದ ತರುವುದು ಎಂಬ ಪ್ರಶ್ನೆಗೆ ಸಾಂತಾಕ್ರೂಜಿನ ಬಿಲ್ಡಿಂಗುಗಳು ಉತ್ತರ ಕೊಟ್ಟವು. ಅಲ್ಲಿ ವಾಚ್‌ಮನ್ ಕೆಲಸಕ್ಕೆ ನೇಪಾಳದಿಂದ ಬಂದ ಹುಡುಗರಿದ್ದರು. ಟೇಕ್ ಬಹಾದ್ದೂರನ ಮುಂದಾಳುತನದಲ್ಲಿ ಹನ್ನೊಂದು ಜನ ಬಂದರು, ಆಡಿದರು, ಏಳು ಗೋಲಿನಿಂದ ಗೆದ್ದರು. ಕಾಶಿನಾಥ ಅಂದೇ ಮೊದಲ ತಿದ್ದುಪಡಿ ಬರೆದ: ವಿದೇಶಿ ತಂಡ ಗೆದ್ದಲ್ಲಿ ಬಹುಮಾನದ ಕಪ್ಪು ಸಂಘದ ಕಪಾಟಿನಲ್ಲಿಯೇ ಉಳಿಯತಕ್ಕದ್ದು. ಮುಂದೆ ಬಿಲ್ಡಿಂಗುಗಳಿಗೆ ಕ್ಯಾಮೆರಾ ಬಂದು ಹುಡುಗರು ಒಬ್ಬೊಬ್ಬರಾಗಿ ಊರಿಗೆ ಹೋದರು. ಈಗ ಬಹಾದ್ದೂರನೊಬ್ಬನೇ ಉಳಿದಿದ್ದಾನೆ. ಬಾಕಿ ಹತ್ತು ಮಂದಿಯನ್ನು ಸಂಘದ ಸದಸ್ಯರಿಂದಲೇ ಆರಿಸಲಾಗುತ್ತದೆ. ಪಂದ್ಯ ಮುಗಿಯುವವರೆಗೆ ಅವರನ್ನು ವಿದೇಶೀಯರೆಂದು ಪರಿಗಣಿಸತಕ್ಕದ್ದು.

ಇನ್ನು ವಯಸ್ಸಿನ ವಿಚಾರ. ಮೊದಲ ವರ್ಷ ಮಿತಿ ಇಪ್ಪತ್ತೊಂದಿತ್ತು. ಸಂಘದ ತಂಡದ ನಾಯಕ ಗುರಲಿಂಗಪ್ಪನವರಿಗೆ ಸರಿಯಾಗಿ ಇಪ್ಪತ್ತೊಂದು. ಆ ಪಂದ್ಯದಲ್ಲಿ ಅವರಿಗೊಂದು ಪೆನಾಲ್ಟಿ ಸಿಕ್ಕಿತು, ಬಹಾದ್ದೂರ ಹಿಡಿದ. ಮರುವರ್ಷ ಗುರಲಿಂಗಪ್ಪನವರಿಗೆ ಇಪ್ಪತ್ತೆರಡಾಗಬೇಕಾಗಿ ಬಂತು.

"ಒಂದ ಗೋಲ್ ಹೊಡದು ಬಿಟ್ಟಬಿಡ್ತೀನಿ ಕಾಶಿ," ಎಂದರು. "ಇದೊಂದ ವರ್ಷ ನೋಡು."

ಒಂದು ಗೋಲಿಗೆ ಒಂದು ವರ್ಷ ದೊಡ್ಡದಲ್ಲ ಎಂದು ಕಾಶಿನಾಥ ಮಿತಿಯನ್ನು ಇಪ್ಪತ್ತೆರಡು ಮಾಡಿದ. ಗೋಲು ಆಗಲಿಲ್ಲ. ಇಂದಿಗೂ ಆಗಿಲ್ಲ. ಗುರಲಿಂಗಪ್ಪನವರು ಬಿಲ್ಡಿಂಗುಗಳಿಗೆ ಬಣ್ಣ ಹಚ್ಚುವ ಕೆಲಸಗಾರರಾಗಿದ್ದವರು ಗುತ್ತಿಗೆದಾರರಾದರು, ಸಂಘದ ಯುವ ವಿಭಾಗದ ಕಾರ್ಯಾಧ್ಯಕ್ಷರಾದರು, ಇಬ್ಬರು ಮೊಮ್ಮಕ್ಕಳ ಅಜ್ಜನಾದರು, ಆದರೆ ಮಿತಿಯೊಳಗೇ ಇದ್ದರು. ಬಹಾದ್ದೂರನನ್ನು ಒಮ್ಮೆ ಖಾಸಗಿಯಾಗಿ ಕರೆದು, ಒಂದೇ ಒಂದು ಚೆಂಡು ಒಳಗೆ ಬಿಡು ಎಂದು ಕೇಳಿಕೊಂಡದ್ದೂ ಉಂಟು. ಅವನು ಕೈಮುಗಿದು ಹೇಳಿದ, "ಸಾಬ್, ಗೇಟ್ ಒಳಗ ಏನೂ ಬಿಡಬಾರದು ಅಂತ ನಂಗ ಪಗಾರ ಕೊಡ್ತಾರ. ಇಲ್ಲಿ ಬಿಟ್ರ ಅಲ್ಲೂ ಬಿಡೋ ಆದತ್ ಬೀಳ್ತದ."

ನಡುವೆ ಕೆಲವು ಅಧಿಕಪ್ರಸಂಗಿ ಹುಡುಗರು, ನಿಜಕ್ಕೂ ಹದಿನೇಳು ಹದಿನೆಂಟು ವಯಸ್ಸಿನವರು, ತಂಡಕ್ಕೆ ಬಂದು, ಮೈದಾನದ ತುಂಬ ಓಡಾಡಿ, ನಾಯಕರ ಮನಸ್ಸು ನೋಯಿಸಿದರು. ಕಾಶಿನಾಥ ಮತ್ತೆ ಲೇಖನಿ ಹಿಡಿದ: ಆಟಗಾರನಿಗೆ ಯುವಕನಾಗಿ ಕನಿಷ್ಠ ಇಪ್ಪತ್ತು ವರ್ಷಗಳ ಅನುಭವ ಇರತಕ್ಕದ್ದು. ಹುಡುಗರು ತಲೆ ಕೆರೆದುಕೊಂಡು ಹೋದರು. ಅವರಲ್ಲಿ ಕೆಲವರಿಗೆ ಈಗ ಅನುಭವ ಆಗಿದೆ, ಆದರೆ ಮೊಣಕಾಲು ಹೋಗಿದೆ.

ಎಲ್ಲವೂ ಸುಸೂತ್ರ ನಡೆಯುತ್ತಿದ್ದಾಗ ಈ ವರ್ಷ ಕ್ರೀಡಾ ಪ್ರೋತ್ಸಾಹ ಕಚೇರಿಯಿಂದ ಸೂಚನೆ ಬಂತು. ಪಂದ್ಯಾವಳಿಗೆ ವೀಕ್ಷಕರೊಬ್ಬರು ಬರುತ್ತಾರೆ, ಒಬ್ಬ ಪ್ರತಿಭೆಯನ್ನು ಆರಿಸಿ ವಿರಾರ್ ಆಚೆಯ ವಸತಿ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿ ನಿಜವಾದ ಕೋಚುಗಳಿದ್ದಾರೆ, ನಿಜವಾದ ಹುಲ್ಲಿದೆ.

ಈ ಸುದ್ದಿಯನ್ನು ಕಾಶಿನಾಥ ಊಟ ಮಾಡುತ್ತ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮಗಳು ಸೋನಾಲಿ ತಟ್ಟೆ ಬಿಟ್ಟು ಎದ್ದಳು. ಹದಿನೈದರ ಹುಡುಗಿ, ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಕಾಲಿಗೆ ಚೆಂಡು ಅಂಟಿಕೊಂಡೇ ಹುಟ್ಟಿದವಳು ಎಂದು ಬಿಲ್ಡಿಂಗಿನವರು ಹೇಳುತ್ತಿದ್ದರು, ಹೇಳಿ ಚೆಂಡನ್ನು ಕಿತ್ತಿಟ್ಟುಕೊಳ್ಳುತ್ತಿದ್ದರು. ಕಾಂಪೌಂಡಿನಲ್ಲಿ ಆಡಿದರೆ ದಂಡ, ಶಾಲೆಗೆ ಮೈದಾನವೇ ಇಲ್ಲ. ಅವಳು ಆಡುವುದನ್ನು ನೋಡಬೇಕಾದವರು ಇಷ್ಟು ದಿನ ಯಾರೂ ನೋಡಿರಲಿಲ್ಲ.

"ಪಪ್ಪಾ, ನಂದೂ ನಾಮ್ ಬರಿ."

"ಬರೀಲಿಕ್ಕ ಬರಾಂಗಿಲ್ಲ ಪುಟ್ಟಾ. ಅನುಭವ ಬೇಕು."

"ಯೂತ್ ಟೂರ್ನಮೆಂಟ್ ಅದ ನಾ? ಮತ್ ನಾನು ಕ್ಯಾ ಹೂಂ?"

ಕಾಶಿನಾಥ ಕೈ ತೊಳೆದು ನಿಯಮಾವಳಿಯನ್ನು ಮೊದಲಿನಿಂದ ಓದಿದ. ತಾನೇ ಕಟ್ಟಿದ ಗೋಡೆಗೆ ತನ್ನ ಮಗಳೇ ಹಣೆ ಚಚ್ಚಿಕೊಳ್ಳುವುದನ್ನು ನೋಡಿ ಅವನಿಗೆ ಸಂಕಟವಾಯಿತು. ಮರುದಿನ ಕಾರ್ಯಕಾರಿ ಸಮಿತಿಯಲ್ಲಿ ವಿಷಯವನ್ನು ಎತ್ತಿದ.

"ನಿಯಮ ನೀನೇ ಬರದೀದಿ," ಎಂದರು ಗುರಲಿಂಗಪ್ಪನವರು, ಬೇಸರದಿಂದಲೇ. "ಮಗಳ ಸಲುವಾಗಿ ಮುರದ್ರ ನಾಳೆ ಮಂದಿ ಏನಂದಾರು? ನಾವು ಯಾವತ್ತರೆ ಒಬ್ಬರ ಸಲುವಾಗಿ ನಿಯಮ ತಿದ್ದೀವೇನು?"

ಇಲ್ಲ ಎಂದು ಸಮಿತಿ ಒಕ್ಕೊರಲಿನಿಂದ ದಾಖಲಿಸಿತು.

ಆಗ ಖಜಾಂಚಿ ರಾಜೇಸಾಬ ಬಾಯಿ ತೆರೆದರು. ಟೇಲರಿಂಗ್ ಅವರ ಕಸುಬು. ತಂಡದ ಜೆರ್ಸಿಗಳ ಸೊಂಟದ ಹೊಲಿಗೆಯನ್ನು ವರ್ಷವರ್ಷವೂ ಗುಟ್ಟಾಗಿ ಬಿಡಿಸುತ್ತಿದ್ದವರು ಅವರೇ. "ಅರೆ ಕಾಶಿಭಾಯ್, ಹಿರಿಯರ ವಿಭಾಗ ಖಾಲಿ ಬಿದ್ದದ ನೋಡ್ರಿ," ಎಂದರು.

ನಿಜ. ಹಿಂದೊಮ್ಮೆ ದಾನಿಯೊಬ್ಬರು ತಂದೆಯ ನೆನಪಿಗೆ ಕಪ್ಪು ಕೊಟ್ಟು ಹಿರಿಯ ನಾಗರಿಕರ ವಿಭಾಗವನ್ನು ಮಾಡಿಸಿದ್ದರು. ಹಿರಿಯ ಎಂದರೆ ಎಷ್ಟು ವಯಸ್ಸು ಎಂದು ಕಾಶಿನಾಥ ಸಭೆಯಲ್ಲಿ ಕೇಳಿದಾಗ ಎಲ್ಲರೂ ಪಕ್ಕದವನ ಮುಖ ನೋಡಿದ್ದರು. ಆ ಜಾಗವನ್ನು ಖಾಲಿ ಬಿಡಲಾಯಿತು. ಈವರೆಗೆ ಒಬ್ಬನೇ ಒಬ್ಬ ಹೆಸರು ಕೊಟ್ಟಿರಲಿಲ್ಲ. ನಿಯಮವಿದ್ದದ್ದು ಒಂದೇ: ಸ್ಪರ್ಧಿಯು ಯುವಕನಾಗಿರತಕ್ಕದ್ದಲ್ಲ.

ಸೋನಾಲಿ, ಅವಳ ಗೆಳತಿ ಗುಲಾಫಶಾ, ಅವರ ಶಾಲೆಯ ಉಳಿದ ಹುಡುಗ ಹುಡುಗಿಯರೆಲ್ಲ, ಅನುಭವದ ನಿಯಮದಂತೆ ತಾವು ಯುವಕರಲ್ಲ, ಈ ಹಿಂದೆಯೂ ಆಗಿರಲಿಲ್ಲ ಎಂದು ಬರೆದು ಸಹಿ ಹಾಕಿ ಹಿರಿಯರಾದರು. ಒಂದಕ್ಷರವೂ ಸುಳ್ಳಿರಲಿಲ್ಲ.

ಪಂದ್ಯಾವಳಿಯ ದಿನ ಮೈದಾನದಲ್ಲಿ ಹಿಂದಿನ ರಾತ್ರಿಯ ಮದುವೆಯ ಚೆಂಡುಹೂವು ಗೋಲಿನ ಕಂಬಕ್ಕಿನ್ನೂ ಜೋತುಬಿದ್ದಿತ್ತು. ದೀಪ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿಗಳು ಕ್ರಮವಾಗಿ ನಡೆದವು. ನಿಯಮದಂತೆ ಹಿರಿಯರಿಗೆ ಕುರ್ಚಿ, ಶಾಲು, ಕುಡಿಯಲು ಬಿಸಿನೀರು. ಯುವಕರು ಹಿರಿಯರ ಕಾಲು ಮುಟ್ಟಿ ಆಶೀರ್ವಾದ ಪಡೆಯತಕ್ಕದ್ದು ಎಂದು ಮೈಕಿನಲ್ಲಿ ಘೋಷಣೆಯಾಯಿತು. ಗುರಲಿಂಗಪ್ಪನವರು ಸೋನಾಲಿಯ ಕಾಲಿಗೆ ಬಾಗಿದರು, ಅರ್ಧಕ್ಕೆ ಸೊಂಟ ಹಿಡಿಯಿತು. ಸೋನಾಲಿ ಮತ್ತು ಗುಲಾಫಶಾ ಎರಡೂ ಕಡೆ ಹಿಡಿದು ಎತ್ತಿ ನಿಲ್ಲಿಸಿದರು. ಶಾಲು ಹೊದ್ದ ಮಗಳನ್ನು ನೋಡಿ ಕಾಶಿನಾಥನಿಗೆ ನಗು ಬರಬೇಕಿತ್ತು, ಬರಲಿಲ್ಲ.

ಯುವಕರ ಪಂದ್ಯ ಮೊದಲು. ವೈದ್ಯರ ಸಲಹೆಯಂತೆ ಓಟವನ್ನು ನಿಷೇಧಿಸಲಾಗಿತ್ತು, ವಿರಾಮವನ್ನು ಮೊದಲಾರ್ಧಕ್ಕಿಂತ ಮುಂಚೆಯೇ ಕೊಡಲಾಯಿತು. ಸಂಪ್ರದಾಯದಂತೆ ಗುರಲಿಂಗಪ್ಪನವರಿಗೊಂದು ಪೆನಾಲ್ಟಿ ಸಿಕ್ಕಿತು, ಬಹಾದ್ದೂರ ಹಿಡಿದ. ಪಂದ್ಯ ಗೋಲಿಲ್ಲದೆ ಸಮವಾಯಿತು. ಕಪ್ಪು ಕಪಾಟಿಗೆ ಮರಳಿತು. ವೀಕ್ಷಕರು ಅಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆಹೋಗಿದ್ದರು.

ಹಿರಿಯರು ಶಾಲು ತೆಗೆದಿಟ್ಟು ಮೈದಾನಕ್ಕಿಳಿದರು. ತಮ್ಮಲ್ಲೇ ಎರಡು ತಂಡ ಮಾಡಿಕೊಂಡರು. ಚೆಂಡಿನ ಸದ್ದಿಗೆ ವೀಕ್ಷಕರಿಗೆ ಎಚ್ಚರವಾಯಿತು. ಆ ಮೈದಾನದಲ್ಲಿ ಅಂಥ ಸದ್ದು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಸೋನಾಲಿ ಮೂರು ಜನರನ್ನು ದಾಟಿ, ನಾಲ್ಕನೆಯವನನ್ನು ಕೂರಿಸಿ, ಹೂಮಾಲೆಯ ಕೆಳಗಿಂದ ಚೆಂಡನ್ನು ಒಳಗೆ ಕಳಿಸಿದಳು. ಆಮೇಲೆ ಇನ್ನೆರಡು. ಗೋಲಿನಾಚೆ ನಿಂತಿದ್ದ ಬಹಾದ್ದೂರ ಚಪ್ಪಾಳೆ ತಟ್ಟಿದ. ಗುರಲಿಂಗಪ್ಪನವರು ಮಾತ್ರ ಮೂರನೆಯ ಗೋಲಾದಾಗ ಕಣ್ಣೊರೆಸಿಕೊಂಡರು. ಗೋಲು ಹೇಗಿರುತ್ತದೆ ಎಂಬುದು ಅವರಿಗೆ ಹತ್ತಿರದಿಂದ ಕಂಡಿತ್ತು.

ಆಟ ಮುಗಿದ ಮೇಲೆ ಕಾಶಿನಾಥ ವೀಕ್ಷಕರ ಮುಂದೆ ನಿಂತ. ಅವರು ಮರಾಠಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು: "ಹುಡುಗಿ ಬಂಗಾರ. ಆದರೆ ಕಾಗದದಲ್ಲಿ ಹಿರಿಯ ನಾಗರಿಕಳು. ನನಗೆ ಯುವ ವಿಭಾಗದಿಂದ ಆರಿಸಲು ಹೇಳಿದ್ದಾರೆ. ಕಣ್ಣಿಗೆ ಕಂಡದ್ದನ್ನು ಬರೆಯಲು ನನ್ನ ಫಾರ್ಮಿನಲ್ಲಿ ಜಾಗವಿಲ್ಲ."

ಹೀಗೆ ಮೂರು ತಿಂಗಳ ಯುವ ವಸತಿ ಶಿಬಿರಕ್ಕೆ ಯುವ ತಂಡದ ನಾಯಕ ಶ್ರೀ ಗುರಲಿಂಗಪ್ಪ ಆಯ್ಕೆಯಾದರು. ಸೋನಾಲಿಗೆ ಈ ವಯಸ್ಸಿನಲ್ಲೂ ತೋರಿದ ಉತ್ಸಾಹಕ್ಕಾಗಿ ಫಲತಾಂಬೂಲ ನೀಡಲಾಯಿತು.

ಗುರಲಿಂಗಪ್ಪನವರು ಗಾಬರಿಯಾದರು. "ನಾ ಹೋಗಾಂಗಿಲ್ಲ. ಬಿಪಿ ಗುಳಿಗಿ, ಬಿಸಿನೀರಿನ ಚೀಲ, ಇದೆಲ್ಲ ಅಲ್ಲಿ ಯಾರು ನೋಡ್ತಾರ?"

ಹೋಗದಿದ್ದರೆ ಪಂದ್ಯಾವಳಿಯ ಮಾನ್ಯತೆ ಹೋಗುತ್ತದೆ ಎಂದರು ವೀಕ್ಷಕರು. ಮಾನ್ಯತೆ ಹೋದರೆ ಮೈದಾನ ಹೋಗುತ್ತದೆ, ಮೈದಾನ ಹೋದರೆ ಮದುವೆಗಳು ಹೋಗುತ್ತವೆ. ಗುರಲಿಂಗಪ್ಪನವರು ಹೋಗತಕ್ಕದ್ದು ಎಂದು ಸಮಿತಿ ಅಲ್ಲೇ ನಿಂತು ಠರಾವು ಮಾಡಿತು.

ಸೋನಾಲಿ ಗೋಲಿನ ಕಂಬಕ್ಕೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ, ಅದನ್ನೇ ಕಾಶಿನಾಥನಿಗೆ ನೋಡಲಾಗಲಿಲ್ಲ. ಅವನು ಕೈಯಲ್ಲಿದ್ದ ಶಿಬಿರದ ಸೂಚನೆಗಳನ್ನು ಸುಮ್ಮನೆ ಓದತೊಡಗಿದ, ದುಃಖವಾದಾಗ ಅವನು ನಿಯಮಗಳನ್ನೇ ಓದುವುದು. ಓದುತ್ತ ಓದುತ್ತ ಒಂದು ಸಾಲಿನಲ್ಲಿ ನಿಂತ.

"ಸಾಹೇಬ್ರ," ಎಂದು ಕೆಮ್ಮಿದ. "ಯುವ ಆಟಗಾರನ ಜೋಡಿ ಹಿರಿಯರೊಬ್ಬರು ಪಾಲಕರಾಗಿ ಶಿಬಿರದಾಗ ಇರತಕ್ಕದ್ದು ಅಂತ ಅದ. ನಮ್ಮ ಸಂಘದಾಗ ಅಧಿಕೃತ ಹಿರಿಯರು ಅಂದ್ರ ಈ ಮಕ್ಕಳ ಅಷ್ಟ."

ವೀಕ್ಷಕರು ಸೂಚನೆಯನ್ನು ಓದಿದರು, ಸೋನಾಲಿಯನ್ನು ನೋಡಿದರು, ಮತ್ತೆ ಓದಿದರು. ಆಮೇಲೆ ಗಂಭೀರವಾಗಿ ಹೇಳಿದರು: ಹಿರಿಯರ ಆರೋಗ್ಯದ ದೃಷ್ಟಿಯಿಂದ ಪಾಲಕರಿಗೆ ಬೆಳಿಗ್ಗೆ ಸಂಜೆ ಮೈದಾನದಲ್ಲಿ ಅಡ್ಡಾಡಲು ಅವಕಾಶವಿದೆ. ಅಡ್ಡಾಡುವಾಗ ಚೆಂಡು ಅಡ್ಡ ಬಂದಲ್ಲಿ ಒದೆಯಲು ಅಡ್ಡಿಯಿಲ್ಲ. ಕೋಚುಗಳು ಒದೆಯುವ ರೀತಿಯನ್ನು ತಿದ್ದಬಹುದು.

ಗುರಲಿಂಗಪ್ಪನವರ ಹೆಂಡತಿ ನೀಲಾಬಾಯಿ ಗುಳಿಗೆಗಳ ಡಬ್ಬಿಯನ್ನು ಸೋನಾಲಿಯ ಕೈಗೆ ಕೊಟ್ಟು, "ಭಾಳ ಹಟಮಾರಿ ಇದ್ದಾರ, ಸಂಭಾಳಸವ್ವ," ಎಂದು ಹೇಳಿದರು.

ಮುಂದಿನ ಸೋಮವಾರ ಸಂಘದವರೆಲ್ಲ ದಹಿಸರ್ ಸ್ಟೇಷನ್ನಿಗೆ ಬಂದು ಯುವಕನಿಗೆ ಹಾರ ಹಾಕಿದರು. ರಾಜೇಸಾಬರು ಇನ್ನೊಮ್ಮೆ ಬಿಡಿಸಿದ ಜೆರ್ಸಿಯನ್ನು ಕೊಟ್ಟರು. ಸೋನಾಲಿಯ ಹೆಗಲಲ್ಲಿ ಶಾಲಿತ್ತು, ಶಾಲಿನೊಳಗೆ ಚೆಂಡಿತ್ತು. ಕಾಶಿನಾಥ ಅವಳ ತಲೆ ಸವರಿದ.

ವಿರಾರ್ ಲೋಕಲ್ ಬಂತು. ಗುರಲಿಂಗಪ್ಪನವರು ಹುರುಪಿನಲ್ಲಿ ಬಾಗಿಲ ಕಂಬ ಹಿಡಿದು ನಿಂತು ಎಲ್ಲರಿಗೂ ಕೈ ಬೀಸಿದರು.

"ಕಾಕಾ, ದರವಾಜಾದಾಗ ನಿಂದ್ರಬ್ಯಾಡ್ರಿ. ಒಳಗ ಬರ್ರಿ," ಎಂದಳು ಸೋನಾಲಿ.

"ಹಿರ್ಯಾರು ಹೇಳಿದ ಮ್ಯಾಲ ಕೇಳಬೇಕಲ್ಲ," ಎಂದು ಗುರಲಿಂಗಪ್ಪನವರು ಒಳಗೆ ಸರಿದು ನಿಂತರು.