ಸುಮಿತ್ರಾಳನ್ನು ಬಿಟ್ಟುಕೊಡದ ಕಂಪ್ಯೂಟರು

ಯಂತ್ರಗಳಿಗೆ ಹೃದಯವಿಲ್ಲ ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಎಂಬತ್ತರ ದಶಕದ ಕೊನೆಗೆ ಅಣ್ಣಿಗೇರಿಯಲ್ಲಿ ನನ್ನದೊಂದು ಕಂಪ್ಯೂಟರ್ ಇತ್ತು; ಅದಕ್ಕೆ ಒಬ್ಬ ಹುಡುಗಿಯ ಮೇಲೆ ಪ್ರೀತಿಯಾಗಿದೆ ಎಂದು ಊರೆಲ್ಲ ನಂಬಿತ್ತು. ಊರಿನ ಮಾತು ಬಿಡಿ, ಕೆಲವು ದಿನ ನಾನೂ ನಂಬಿದ್ದೆ. ಆ ಹುಡುಗಿಯನ್ನು ನಾನೂ ಪ್ರೀತಿಸುತ್ತಿದ್ದುದರಿಂದ ಆ ಡಬ್ಬಿಯ ಮೇಲೆ ನನಗೆ ಹೊಟ್ಟೆಕಿಚ್ಚೂ ಇತ್ತು. ಈ ವಯಸ್ಸಿನಲ್ಲಿ ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಪ್ಪ ಬಿಟ್ಟುಹೋದ ಟೈಪಿಂಗ್ ಕ್ಲಾಸು ನನ್ನದು. ಮಾಲಕನಾದರೂ ಎರಡೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವನು ನಾನು. ನಿಜವಾಗಿ ಕಲಿಸುತ್ತಿದ್ದವಳು ಸುಮಿತ್ರಾ, ರೈಲ್ವೆಯಿಂದ ನಿವೃತ್ತರಾಗಿದ್ದ ಶಾಮಕಾಕಾನ ಮಗಳು. ಹುಬ್ಬಳ್ಳಿಯ ಪರಿಚಯದವರೊಬ್ಬರು ಟಿ.ವಿ.ಗೆ ಜೋಡಿಸುವಂಥ ಪುಟ್ಟ ಕಂಪ್ಯೂಟರ್ ಮಾರುತ್ತಾರೆಂದು ಕೇಳಿ ಹೋಗಿ ತಂದುಬಿಟ್ಟೆ. ತಂದಮೇಲೆ ಅದರಿಂದ ಏನು ಮಾಡಬೇಕೆಂದು ತಿಳಿಯದೆ ಕುಂಡಲಿ ಕೂಡಿಸುವ ಪ್ರೋಗ್ರಾಂ ಬರೆದೆ. ಹುಡುಗ ಹುಡುಗಿಯರ ಹೆಸರು, ನಕ್ಷತ್ರ, ರಾಶಿ ಕೊಟ್ಟರೆ ಮೂವತ್ತಾರು ಗುಣಗಳಲ್ಲಿ ಎಷ್ಟು ಕೂಡುತ್ತವೆಂದು ಪರದೆಯ ಮೇಲೆ ಮೂಡುವುದು. ಹದಿನೆಂಟಕ್ಕಿಂತ ಕಡಿಮೆಯಾದರೆ ಸಂಬಂಧ ಬೇಡ. ನಾನು ವಹಿಯಲ್ಲಿ ಬರೆದದ್ದನ್ನು ಸುಮಿತ್ರಾ ಒತ್ತುತ್ತಿದ್ದಳು. ಪಕ್ಕದಲ್ಲಿ ಕುಳಿತ ನಾನು, ಅವಳು ಕೇಳದಿದ್ದರೂ, ಒಂದೊಂದು ಸಾಲನ್ನೂ ವಿವರಿಸುತ್ತಿದ್ದೆ. ಪ್ರೋಗ್ರಾಂ ಇರುತ್ತಿದ್ದುದು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ. ಒಮ್ಮೆ ಅವಸರದಲ್ಲಿ ಅವ್ವನ ಭಜನೆಯ ಕ್ಯಾಸೆಟ್ ಹಾಕಿ, ಯಂತ್ರ ಓದಿಕೊಳ್ಳುತ್ತಿದೆಯೆಂದು ಅರ್ಧ ತಾಸು ಭಕ್ತಿಯಿಂದ ಕಾದಿದ್ದೇನೆ.

ಜನ ಬಂದರು ನೋಡಿ! ನವಲಗುಂದ, ಕುಂದಗೋಳ, ಎಲ್ಲೆಲ್ಲಿಂದಲೋ ಬಂದರು. ಭಟ್ಟರು ಬೆರಳೆಣಿಸಿ ತಾಸುಗಟ್ಟಲೆ ಮಾಡುವುದನ್ನು ಇದು ಚಿಟಿಕೆ ಹೊಡೆಯುವುದರಲ್ಲಿ ಮುಗಿಸುತ್ತಿತ್ತು. ಒಂದು ದಿನ ಶಾಮಕಾಕಾನೂ ಮಗಳ ಕುಂಡಲಿ ಹಿಡಿದು ಬಂದರು. ಅಳ್ನಾವರದ ಬ್ಯಾಂಕಿನ ಹುಡುಗನಿಗೆ ಒಂಬತ್ತು ಗುಣ ಬಂತು. ಒಳಗೊಳಗೇ ಖುಷಿಪಟ್ಟೆ. ಮುಂದಿನ ವಾರ ಕಲಘಟಗಿಯ ಮಾಸ್ತರನಿಗೂ ಒಂಬತ್ತು. ಏಳನೆಯ ವರನಿಗೂ ಒಂಬತ್ತೇ ಬಂದಾಗ ಕಾಕಾ ಕನ್ನಡಕ ತೆಗೆದು ಯಂತ್ರವನ್ನು ದಿಟ್ಟಿಸಿದರು.

"ಏನೋ ತಮ್ಮಾ, ಉಳಿದ ಹುಡುಗ್ಯಾರಿಗೆಲ್ಲಾ ಗುಣಾ ಕೂಡ್ತಾವ. ನನ್ನ ಮಗಳ ಹೆಸರು ಬಂತಂದ್ರ ಅಷ್ಟ ಇದಕ್ಕ ಸಿಟ್ಟು ಬರ್ತದಲ್ಲ? ನಿನ್ನ ಡಬ್ಬಿ ಆಕಿ ಮ್ಯಾಲೆ ಮನಸ್ಸು ಇಟ್ಟದ ಅಂತೀನಿ!"

ಬಾಜೂ ಕುಳಿತವರು ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಸಂತೆಯಲ್ಲಿ "ಕಾಕಾ, ಅಳಿಯಾ ಕಂಪ್ಯೂಟರ್ ಆರಾಮ ಇದ್ದಾನೇನ್ರಿ?" ಎಂದು ಕೇಳುವವರೂ ಹುಟ್ಟಿಕೊಂಡರು.

ನನಗೆ ನಗೆ ಬರಲಿಲ್ಲ, ಕುತೂಹಲ ಹುಟ್ಟಿತು. ದಿನಾ ಅದರ ಧೂಳು ಒರೆಸುವವಳು ಅವಳು, ಬೆಳಗ್ಗೆ ಎಬ್ಬಿಸುವವಳು ಅವಳು. ಯಾರಿಗೆ ಗೊತ್ತು? ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಆ ಏಳನೆಯ ವರನನ್ನೇ ಮತ್ತೆ ಹಾಕಿ, ಸುಮಿತ್ರಾಳ ನಕ್ಷತ್ರ, ರಾಶಿ ಕೊಟ್ಟು, ಹೆಸರು ಮಾತ್ರ ಬೇರೆ ಒತ್ತಿದೆ. ಇಪ್ಪತ್ತಾರು! ಸುಮಿತ್ರಾ ಎಂದು ಒತ್ತಿದೆ. ಒಂಬತ್ತು. ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಪರದೆಗೆ ತಂದು ಮೊದಲಿನಿಂದ ಓದುತ್ತ ಹೋದೆ. ನಡುವೆ ನಾನು ಬರೆಯದ ಒಂದು ಸಾಲಿತ್ತು: ಹುಡುಗಿಯ ಹೆಸರು ಸುಮಿತ್ರಾ ಆದರೆ, ಗುಣ ಒಂಬತ್ತು.

"ನಾನ ಹಾಕೀನ್ರಿ," ಎಂದಿತು ಹಿಂದಿನಿಂದ ಒಂದು ದನಿ. ಊಟ ಮುಗಿಸಿ ಬಂದ ಸುಮಿತ್ರಾ ಬಾಗಿಲಲ್ಲಿ ನಿಂತಿದ್ದಳು. "ನಾ ಒಲ್ಲೆ ಅಂದ್ರ ಅಪ್ಪಾ ಕೇಳೂದಿಲ್ಲ. ಮಷೀನ್ ಒಲ್ಲೆ ಅಂದ್ರ ಕೇಳ್ತಾರ."

"ಯಾಕ ಒಲ್ಲೆ ಅಂತೀರಿ? ಎಲ್ಲಾರೂ ಚೊಲೋ ಹುಡುಗ್ರ ಇದ್ರಲ್ಲಾ," ಎಂದೆ. ಎಂಥ ಮಬ್ಬ ನಾನು!

"ಏಳು ಮಂದಿ ಕುಂಡಲಿ ಹಾಕಿದ್ರಿ. ನಿಮ್ಮದೊಂದು ಹಾಕಿ ನೋಡಬೇಕಂತ ಒಮ್ಮೆರೆ ಅನಸಲಿಲ್ಲೇನ್ರಿ?" ಅವಳ ಕಣ್ಣು ತುಂಬಿತ್ತು. "ಇವತ್ತು ಸಂಜೀಕ ಅಪ್ಪಾ ಎಂಟನೇದ್ದು ತರ್ತಾರ. ಮಷೀನ್ ಏನರೆ ಅನ್ನಲಿ, ಈ ಸಲ ಮಾತು ಕೊಟ್ಟಬಿಡ್ತೀನಿ ಅಂದಾರ."

ನನ್ನ ಎರಡೇ ಬೆರಳುಗಳಿಂದ ಆ ಸಾಲು ಅಳಿಸಿ ನನ್ನ ಕುಂಡಲಿ ಹಾಕಿದೆ. ನಾನೇ ಬರೆದ ಪ್ರೋಗ್ರಾಂ, ಪ್ರಾಮಾಣಿಕ ಲೆಕ್ಕ. ಹನ್ನೊಂದು ಬಂತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಸುಮಿತ್ರಾ ಮಾತ್ರ "ಸರೀರಿ ಅತ್ಲಾಗ" ಎಂದು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕುಳಿತು ಟಕಟಕನೆ ಏನೋ ಒತ್ತಿದಳು.

ಸಂಜೆ ಕಾಕಾ ಬಂದರು. "ಮೊದಲ ನಂದೊಂದು ನೋಡ್ರಿ ಕಾಕಾ," ಎಂದೆ. ಪರದೆಯ ಮೇಲೆ ಮೂವತ್ತಮೂರು ಮೂಡಿತು. ಕಾಕಾ ಪರದೆ ನೋಡಿದರು, ನನ್ನನ್ನು ನೋಡಿದರು, ನೆಲ ನೋಡುತ್ತಿದ್ದ ಮಗಳನ್ನು ಬಹಳ ಹೊತ್ತು ನೋಡಿದರು.

"ನಿನ್ನ ಕುಂಡಲಿ ನಿಮ್ಮವ್ವನ ಕಡೆಯಿಂದ ಇಸಕೊಂಡು ಹೋದ ವರ್ಷನ ಭಟ್ಟರ ಕಡೆ ತೋರಿಸಿದ್ನೋ. ಹನ್ನೊಂದು ಬಂದಿತ್ತು. ಅದಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದೆ," ಎಂದು ಎಂಟನೆಯ ಕುಂಡಲಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. "ಈ ಡಬ್ಬಿಗೆ ಸುಳ್ಳು ಹೇಳಾಕ ಬರ್ತದಂತ ಗೊತ್ತಿರಲಿಲ್ಲ. ಅಗದಿ ಚೊಲೋ ಹೇಳ್ತದ ಬಿಡು."

"ಕಂಪ್ಯೂಟರಿಗೆ ಪ್ರೀತಿ ಆಗ್ಯದ ಅಂತ ಇಡೀ ಊರಿಗೆ ತಿಳದಿತ್ತು. ಅದರ ಮಾಲಕ್ರಿಗೆ ಅಷ್ಟ ಸಾಲು ಸಾಲು ಓದಿ ತಿಳೀಬೇಕಾತು," ಎಂದು ನನ್ನ ಹೆಂಡತಿ ಈಗಲೂ ಬಂದವರೆದುರು ಹಂಗಿಸುತ್ತಾಳೆ. ನಾನು ಎದುರುತ್ತರ ಕೊಡುವುದಿಲ್ಲ. ಮೂವತ್ತಾರರಲ್ಲಿ ಹನ್ನೊಂದು ಬಂದವನು ಎಷ್ಟಂತ ಮಾತಾಡಬಹುದು?