ಕೋಳಿಗಳಿಗೆ ಒಲಿದ ನನ್ನ ಚೂರ್ಣ

ಅಸೂಯೆಯನ್ನು ಗೆದ್ದೆನೆಂದು ಬಹುಕಾಲ ನಂಬಿದ್ದೆ. ನಿತ್ಯಪೂಜೆ, ಪಾರಾಯಣ, ಮಿತಾಹಾರಗಳಲ್ಲಿ ವೃದ್ಧನಾದವನಿಗೆ ಮನುಷ್ಯರ ಮೇಲೆ ಅಸೂಯೆಪಡದಿರುವುದು ಅಷ್ಟೇನೂ ಕಷ್ಟವಲ್ಲ. ಕೋಳಿಗಳ ವಿಷಯದಲ್ಲಿ ನಮ್ಮ ಗುರುಗಳು ನನಗೆ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಅಮೃತಬಳ್ಳಿ, ನೆಲನೆಲ್ಲಿ, ಶುಂಠಿ, ಜೀರಿಗೆಗಳನ್ನು ನೆರಳಿನಲ್ಲಿ ಒಣಗಿಸಿ, ಸ್ತೋತ್ರ ಹೇಳುತ್ತ ಕುಟ್ಟಿ ನಾನು ಸಿದ್ಧಪಡಿಸುವ ಚೂರ್ಣ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಪ್ರಸಿದ್ಧ. ಸೇವಿಸಿದವರು ಮಾತ್ರ ವಿರಳ. ನನ್ನ ಧರ್ಮಪತ್ನಿಯೂ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತುಳಸಿಯ ಬುಡಕ್ಕೆ ಸುರಿಯುತ್ತಾಳೆ. ಹೀಗಿರಲು, ರಾಜೇಶ್ವರ ಗ್ರಾಮದ ನನ್ನ ಹಳೆಯ ಶಿಷ್ಯ ಮಾಣಿಕ ವಾರವಾರವೂ ಬಂದು ಚೀಲ ತುಂಬ ಒಯ್ಯತೊಡಗಿದ. ಅವನ ಬಂಧುಬಳಗವೆಲ್ಲ ಅಜೀರ್ಣದಿಂದ ನರಳುತ್ತಿದೆಯೆಂದು ಮರುಗಿ, ಅವರ ಹೆಸರಿನಲ್ಲಿ ಒಂದು ಅಭಿಷೇಕವನ್ನೂ ಮಾಡಿಸಿದೆ.

“ಮನೀ ಮಂದಿ ಈಗ ಹ್ಯಾಂಗ ಅದಾರಪ್ಪ?” ಎಂದು ಒಮ್ಮೆ ವಿಚಾರಿಸಿದೆ.

“ಮಂದಿಗಲ್ರಿ ಗುರೂಜಿ, ಬ್ರಾಯ್ಲರ್ ಕೋಳಿಗಿ. ಫೀಡಿನ್ಯಾಗ ಕಲಸಿ ಹಾಕಾಕತ್ತೇನ್ರಿ. ತಿನ್ನಾಕ ಕುಂತ್ರ ತಲಿ ಎತ್ತಂಗಿಲ್ರಿ. ಮರಿ ಸಾಯೋದೂ ಕಮ್ಮಿ ಆಗ್ಯಾದ.”

ಈರುಳ್ಳಿಯನ್ನೂ ಮುಟ್ಟದ ನಾನು ಕಿವಿ ಮುಚ್ಚಿಕೊಂಡೆ. ನನ್ನ ಹೆಸರನ್ನು ಎಲ್ಲಿಯೂ ಎತ್ತಕೂಡದೆಂದು ಅವನಿಂದ ಆಣೆ ಮಾಡಿಸಿಕೊಂಡೆ. ಆದರೆ ಹುಮನಾಬಾದಿನಿಂದಲೂ ಕೋಳಿ ಸಾಕುವವರು ಮಾಣಿಕನ ಶೆಡ್ಡಿಗೆ ಬರುತ್ತಿರುವರೆಂದು ಕೇಳಿದ ಮೇಲೆ ನಿದ್ರೆ ಹಾರಿತು. ನನ್ನವರು ಒಲ್ಲದ ಚೂರ್ಣಕ್ಕೆ ಕೋಳಿಗಳಿಂದ ಗೌರವ. ಆ ಗೌರವವೂ ಮಾಣಿಕನ ಪಾಲಿಗೆ. ಶಿಷ್ಯನ ಯೋಗಕ್ಷೇಮವೆಂಬ ನೆಪದಲ್ಲಿ ಬಸ್ಸು ಹತ್ತಿದೆ.

ಶೆಡ್ಡಿನ ಬಾಗಿಲಲ್ಲಿ ಹುಮನಾಬಾದಿನ ಗೃಹಸ್ಥರೊಬ್ಬರು ಚೂರ್ಣವನ್ನು ಮೂಸುತ್ತ, “ಇದು ನಮ್ಮೂರ ಪಂಡಿತರದೇ ಇರ್ಬೇಕು ಬಿಡ್ರಿ. ಬ್ಯಾರೇದವ್ರಿಗಿ ಎಲ್ಲಿ ಬರ್ತಾದ ಈ ವಿದ್ಯಾ” ಎಂದರು.

ಆ ಪಂಡಿತ ನನ್ನ ಸಹಪಾಠಿ. ಪಾಠಶಾಲೆಯಲ್ಲಿ ಅವನಿಗೆ ನೆಲನೆಲ್ಲಿಯನ್ನು ಗುರುತು ಹಿಡಿಯಲು ಕಲಿಸಿದವನು ನಾನು. ಮಾಣಿಕನತ್ತ ನೋಡಿದೆ, ಆಣೆಗೆ ಬದ್ಧನಾದ ಅವನು ನೆಲ ನೋಡುತ್ತಿದ್ದ.

“ಅವನ ತಲಿ. ಇದು ನಂದು” ಎಂದುಬಿಟ್ಟೆ.

ಮರುದಿನ ಪೂಜೆಗೆ ಕುಳಿತು ಚಿತ್ತಶುದ್ಧಿಯನ್ನು ಬೇಡಿಕೊಳ್ಳುತ್ತಿದ್ದಾಗ ಹೊರಗೆ ಮೋಟಾರ್ ಸೈಕಲ್ಲುಗಳು ನಿಂತ ಸದ್ದು. “ಕೋಳಿ ಔಷಧದ ಅಜ್ಜಾರ ಮನಿ ಇದೇ ಏನ್ರಿ?” ಎಂದು ಯಾರೋ ನನ್ನವಳನ್ನು ಕೇಳುತ್ತಿದ್ದರು. ಮಡಿವಂತೆಯಾದ ಆಕೆ ಎಲ್ಲಿ ಇಲ್ಲವೆಂದುಬಿಡುವಳೋ ಎಂಬ ಭಯದಿಂದ, ಮಂಗಳಾರತಿ ಎತ್ತುವ ಮೊದಲೇ ಎದ್ದು ಬಾಗಿಲಿಗೆ ಬಂದೆ.