ಬ್ರೇಕಿನಡಿಯ ನಿಂಬೆಹಣ್ಣು

ಉಪಕಾರ ತೀರಿಸಲು ಹೋಗಿ ಅಣ್ಣಪ್ಪ ಕಂಡವರ ಕಾರಿನ ಸ್ಟೇರಿಂಗ್ ಹಿಡಿದ. ಹಿಡಿಯದೆ ಏನು ಮಾಡಿಯಾನು? ವಿಜಯವಾಡದ ಬಾಡಿಗೆ ಕೋಣೆಯಲ್ಲಿ ಕಾಮಾಲೆಯಾಗಿ ಮಲಗಿದ್ದಾಗ ದಿನಾ ಮಜ್ಜಿಗೆ ಅನ್ನ ಕಳಿಸಿ ಅವನನ್ನು ಉಳಿಸಿಕೊಂಡವರು ಅವನ ಬ್ಯಾಂಕಿನ ಮ್ಯಾನೇಜರ್ ರಾಮಮೋಹನರ ಹೆಂಡತಿ ಸೀತಾಮಹಾಲಕ್ಷ್ಮಿ. ಆ ಅನ್ನದ ಋಣ ಒಂದು ಕಡೆ. ಹೆಂಡತಿ ಕಮಲಾ ಇರುವ ಧಾರವಾಡಕ್ಕೆ ವರ್ಗವಾಗಲು ಸಾಹೇಬರ ಒಂದು ಮಾತು ಬೇಕಾಗಿದ್ದದ್ದು ಇನ್ನೊಂದು ಕಡೆ.

ಅವತ್ತು ಸಂಜೆ ವಿಶಾಖಪಟ್ಟಣದಲ್ಲಿ ಸೀತಾಮಹಾಲಕ್ಷ್ಮಿಯವರ ತಮ್ಮನ ನಿಶ್ಚಿತಾರ್ಥ. ರೈಲು ರದ್ದಾಗಿತ್ತು. ಕಾರು ಹತ್ತಿದರೆ ಆಕೆಗೆ ವಾಂತಿ. ಸಾಹೇಬರು ಬಳ್ಳಾರಿಯವರು, ಮನೆಯಲ್ಲಿ ಕನ್ನಡವೇ; ಕಾರು ಓಡಿಸಲು ಮಾತ್ರ ಬಾರದು. ಅಣ್ಣಪ್ಪ ಭವಾನಿಪುರಂನ ನೆರೆಮನೆಯ ದುರ್ಗಾಪ್ರಸಾದನ ಕಾರು ಕೇಳಿದ. ಸಿಂಗಪುರದಿಂದ ಬಂದ ಕಾರು. ಹೆಂಡತಿ ಕನ್ನಡದವಳಾದ್ದರಿಂದ ದುರ್ಗಾಪ್ರಸಾದನಿಗೆ ಕನ್ನಡವೂ ಬರುತ್ತಿತ್ತು, ಉಪದೇಶವೂ ಬರುತ್ತಿತ್ತು.

"ಖಾಲಿ ರಸ್ತೇಲಿ ಈ ಗುಂಡಿ ಒತ್ತಂಡಿ. ಕ್ರೂಸ್ ಕಂಟ್ರೋಲ್. ಕಾಲು ತೆಗೆದ್ರೂ ಅದೇ ಸ್ಪೀಡಲ್ಲಿ ಹೋಗುತ್ತೆ, ಬ್ರೇಕ್ ಮುಟ್ಟಿದ್ರೆ ಬಿಟ್ಕೊಡುತ್ತೆ. ಊರೊಳಗೆ ಬೇಡ, ಮಳೇಲಂತೂ ಬೇಡವೇ ಬೇಡ. ಪಕ್ಕದ ಪವರ್ ಗುಂಡಿ ಮಾತ್ರ ಮುಟ್ಟಬೇಡಿ, ಒತ್ತಿದ್ರೆ ಕಾರು ಇನ್ನೂ ಜೋರಾಗಿ ನುಗ್ಗುತ್ತೆ."

ಅಣ್ಣಪ್ಪ ದುರ್ಗೆಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಕಡೆ ಕೈಮುಗಿದ. "ತಾಯಿ ಕನಕದುರ್ಗವ್ವ, ಸಾಹೇಬರಿಗೆ ನನ್ನ ಮ್ಯಾಲೆ ಮನಸ್ಸಾಗ್ಲಿ. ಅಷ್ಟ ಸಾಕವಾ."

ರಾಜಮಂಡ್ರಿ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಗುಂಡಿ ಒತ್ತಿದ. ಹೊಟ್ಟೆಯೊಳಗಿನ ನೀರು ಅಲ್ಲಾಡದ ಹಾಗೆ ಕಾರು ಓಡಿತು. ವಾಂತಿಗೆಂದು ನಿಂಬೆಹಣ್ಣು ಮೂಸುತ್ತಿದ್ದ ಸೀತಾಮಹಾಲಕ್ಷ್ಮಿ ಹಿಂದಿನ ಸೀಟಿನಲ್ಲಿ ತೂಕಡಿಸಿದರು. ನಿಂಬೆಹಣ್ಣು ಕೈಜಾರಿ, ಇಳಿಜಾರಿನಲ್ಲಿ ಸೀಟಿನಡಿಯಿಂದ ಉರುಳಿಕೊಂಡು ನೇರ ಬ್ರೇಕಿನಡಿಗೆ ಬಂದು ಕೂತಿತು.

ಎದುರಿಗೆ ಎಮ್ಮೆಗಳ ಹಿಂಡು!

"ಸರ, ಬ್ರೇಕ್ ಕೆಳಗಿಳೀವಲ್ದರೀ!"

"ಆಫ್ ಮಾಡ್ರೀ ಅಣ್ಣಪ್ಪ!" ಎಂದು ಪಕ್ಕದ ಸೀಟಿನಿಂದ ಸಾಹೇಬರೇ ಕೈಚಾಚಿ ಒಂದು ಗುಂಡಿ ಒತ್ತಿದರು. ಅದು ಪವರ್ ಗುಂಡಿ. ಕಾರು ಹಗ್ಗ ಕಿತ್ತ ಹೋರಿಯ ಹಾಗೆ ನುಗ್ಗಿತು.

"ಅಮ್ಮೋ! ದುರ್ಗಮ್ಮ ತಲ್ಲೀ!" ಹಿಂದಿನಿಂದ ಕಿರುಚಾಟ.

ಅಣ್ಣಪ್ಪ ಕಣ್ಣುಮುಚ್ಚಿ ಬ್ರೇಕಿನ ಮೇಲೆ ಎದ್ದೇ ನಿಂತ. ಪಚಕ್! ನಿಂಬೆಹಣ್ಣು ಒಡೆಯಿತು, ಕಾರು ನಿಂತಿತು. ಎಮ್ಮೆಯೊಂದು ಬಾನೆಟ್ ನೆಕ್ಕಿ ನೋಡಿ, ರುಚಿಯಿಲ್ಲವೆಂದು ಮುಂದೆ ಹೋಯಿತು.

ಮೊದಲು ಮಾತಾಡಿದವರು ಸೀತಾಮಹಾಲಕ್ಷ್ಮಿ. "ಏಮಂಡಿ, ಆ ಭಯಕ್ಕೆ ನನಗೆ ವಾಂತಿ ಬರೋದೇ ಮರೆತುಹೋಯ್ತು!" ಮುಂದಿನ ಊರಿನಲ್ಲಿ ಆಕೆ ಹೆಸರುಕಾಳಿನ ದೋಸೆ, ಪೆಸರಟ್ಟು, ಎರಡು ತಿಂದರು.

ನಿಶ್ಚಿತಾರ್ಥದ ಮನೆಯಲ್ಲಿ ಸಾಹೇಬರು ಅಣ್ಣಪ್ಪನನ್ನು ತಬ್ಬಿಕೊಂಡರು. ಕಣ್ಣು ಒದ್ದೆಯಾಗಿತ್ತು. "ಮದುವೆಯಾದಾಗಿಂದ ಇವಳು ತವರಿಗೆ ನಗ್ತಾ ಬಂದಿಳಿದದ್ದು ಇವತ್ತೇ ಕಣ್ರೀ. ನಿಮ್ಮ ಉಪಕಾರ ಮರೆಯೋನಲ್ಲ ನಾನು. ಈಗ ತಾನೇ ಎಸ್‌ಟಿಡಿ ಬೂತಿಂದ ದೊಡ್ಡ ಸಾಹೇಬರ ಮನೆಗೆ ಫೋನ್ ಮಾಡ್ಬಂದೆ."

ಅಣ್ಣಪ್ಪನಿಗೆ ಧಾರವಾಡದ ಸ್ಟೇಷನ್ನಿನಲ್ಲಿ ಕಮಲಾ ನಿಂತದ್ದು ಕಂಡಿತು. ದಡಕ್ಕನೆ ಕಾಲಿಗೆ ಬಿದ್ದ. "ನಿಮ್ಮ ಋಣ ಹ್ಯಾಂಗ ತೀರಿಸ್ಲಿರೀ ಸರ!"

"ಏಳ್ರೀ, ಏಳ್ರೀ. ಅಣ್ಣಪ್ಪನ್ನ ಧಾರವಾಡಕ್ಕೆ ಕಳಿಸ್ಲೇಬೇಡಿ, ಅವರಿಲ್ದೆ ನಮಗೆ ನಡೆಯೋದೇ ಇಲ್ಲ ಅಂದೆ. ಒಪ್ಪಿಬಿಟ್ರು!"

"ಇನ್ನು ತಿಂಗಳಿಗೊಮ್ಮೆ ನೀವೇ ನನ್ನ ತವರಿಗೆ ಕರ್ಕೊಂಡು ಬರಬೇಕು. ಊಟದ ಯೋಚನೆ ಬೇಡಂಡಿ, ದಿನಾ ನಮ್ಮನೇಲೇ," ಎಂದು ಸೀತಾಮಹಾಲಕ್ಷ್ಮಿ ಅವನ ಕೈಗೆ ಲಾಡು ಇಟ್ಟರು.

ಅಣ್ಣಪ್ಪ ಲಾಡು ಹಿಡಿದುಕೊಂಡೇ ವಿಜಯವಾಡದ ದಿಕ್ಕಿಗೆ ಕೈಮುಗಿದ. ತಾಯಿಯದೇನೂ ತಪ್ಪಿರಲಿಲ್ಲ. ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟಿದ್ದಳು. ಧಾರವಾಡದ ಹೆಸರು ಹೇಳಲು ಮರೆತವನು ಅವನೇ.